ಕೌನ್ಸೆಲಿಂಗ್ ಕ್ಲಿನಿಕ್ಕಿನ ಬಿಲ್ಲಿಂಗ್: ಮೊದಲ ಫೋನಿನಿಂದ ಕೊನೆಯ ಡಾಲರ್‌ವರೆಗೆ

ಸಂಜೆ ಆರೂವರೆಗೆ ನನ್ನ ಕೆಲಸ ಶುರು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಆಗ ಬೆಳಿಗ್ಗೆ ಒಂಬತ್ತು. ಚಳಿಗಾಲದಲ್ಲಿ ಅವರು ಗಡಿಯಾರ ಒಂದು ಗಂಟೆ ಹಿಂದಿಟ್ಟ ಮೇಲೆ ನಮಗೆ ಏಳೂವರೆ. ಮೈಸೂರಿನಲ್ಲಿ ಕೂತು ಅಲ್ಲಿನ ಸಣ್ಣ ಸಣ್ಣ ಕೌನ್ಸೆಲಿಂಗ್ ಕ್ಲಿನಿಕ್ಕುಗಳ ಇನ್ಶೂರೆನ್ಸ್ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ಮೊದಲು ಮೂಳೆ ಡಾಕ್ಟರ್ ಬಿಲ್ಲಿಂಗ್ ಮಾಡಿದ್ದೆ, ಹೃದಯದ್ದೂ ಮಾಡಿದ್ದೆ. ಅವುಗಳಲ್ಲಿ ನೂರಾರು ಕೋಡ್, ಅಂದರೆ ಯಾವ ಸೇವೆ ಅಂತ ಹೇಳುವ ನಂಬರ್, ಇರುತ್ತವೆ. ಕೌನ್ಸೆಲಿಂಗ್‌ನಲ್ಲಿ ದಿನಾ ಬಳಸುವ ಕೋಡ್ ಹತ್ತೂ ಇಲ್ಲ. ಹಾಗಾಗಿ ಸುಲಭ ಅಂದುಕೊಂಡು ಬಂದೆ. ಆಮೇಲೆ ಗೊತ್ತಾಯಿತು, ಇಲ್ಲಿ ದುಡ್ಡು ಸೋರುವ ಜಾಗವೇ ಬೇರೆ.

ಮೂಳೆ ಮುರಿದವರು ಎರಡು ಮೂರು ಸಲ ಬರುತ್ತಾರೆ, ವಾಸಿಯಾಗಿ ಹೋಗುತ್ತಾರೆ. ಕೌನ್ಸೆಲಿಂಗ್‌ಗೆ ಬರುವವರು ವಾರವಾರ ಬರುತ್ತಾರೆ. ಮೊದಲ ದಿನ ಕಾರ್ಡಿನ ನಂಬರ್ ತಪ್ಪಾಗಿ ಬರೆದುಕೊಂಡರೆ ಆ ತಪ್ಪು ವಾರವಾರ ನಕಲಾಗುತ್ತಾ ಹೋಗುತ್ತದೆ. ಗೊತ್ತಾಗುವ ಹೊತ್ತಿಗೆ ಹತ್ತು ಸೆಷನ್ ಮುಗಿದಿರುತ್ತವೆ. ಕೌನ್ಸೆಲರ್‌ಗೆ ಎರಡು ತಿಂಗಳ ದುಡಿಮೆ ಬಂದಿರುವುದಿಲ್ಲ, ಕ್ಲೈಂಟ್ ಕೈಗೆ ಒಂದೇ ಸಲ ಸಾವಿರ ಡಾಲರ್ ಬಿಲ್ ಹೋಗುತ್ತದೆ. ಆತಂಕಕ್ಕೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವ ಮನುಷ್ಯನಿಗೆ ಅಂಥ ಒಂದು ಲಕೋಟೆ ಬಂದರೆ ಏನಾಗುತ್ತದೆ ಹೇಳಿ. ಎಷ್ಟೋ ಜನ ಬರುವುದನ್ನೇ ನಿಲ್ಲಿಸುತ್ತಾರೆ. ಅದಕ್ಕೇ ಈ ಕೆಲಸವನ್ನು ನಾನು ಬರೀ ಲೆಕ್ಕ ಅಂತ ನೋಡುವುದಿಲ್ಲ.

ಅಮೆರಿಕದಲ್ಲಿ ಸ್ವಂತ ಕೌನ್ಸೆಲಿಂಗ್ ಕ್ಲಿನಿಕ್ ಇಟ್ಟಿರುವ ಕನ್ನಡದವರು ಇದ್ದಾರೆ. ಹೆಂಡತಿ ಥೆರಪಿಸ್ಟ್, ಗಂಡ ರಾತ್ರಿ ಊಟ ಆದ ಮೇಲೆ ಬಿಲ್ಲಿಂಗ್ ಮಾಡುವ ಮನೆಗಳೂ ಇವೆ. ಇತ್ತ ಬೆಂಗಳೂರು, ಮೈಸೂರಿನಲ್ಲಿ ಎಆರ್ ಕಾಲಿಂಗ್‌ಗೆ (ಬಾಕಿ ಹಣಕ್ಕಾಗಿ ಇನ್ಶೂರೆನ್ಸ್ ಕಂಪನಿಗಳಿಗೆ ಫೋನ್ ಮಾಡುವ ಕೆಲಸ) ಹೊಸದಾಗಿ ಸೇರುವ ಹುಡುಗ ಹುಡುಗಿಯರಂತೂ ಬಹಳ. ಇವರೆಲ್ಲರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕೌನ್ಸೆಲಿಂಗ್ ಬಿಲ್ಲಿಂಗ್‌ನಲ್ಲಿ ಕ್ಲೇಮ್, ಅಂದರೆ ಇನ್ಶೂರೆನ್ಸ್‌ಗೆ ಹಣ ಕೇಳಿ ಕಳಿಸುವ ಬಿಲ್, ಕೆಡುವುದು ಕ್ಲೇಮ್ ಕಳಿಸುವ ದಿನ ಅಲ್ಲ. ಕ್ಲೈಂಟ್ ಮೊದಲ ಸಲ ಫೋನ್ ಮಾಡಿದ ದಿನವೇ ಕೆಟ್ಟಿರುತ್ತದೆ. ಆದ್ದರಿಂದ ಕೆಳಗಿನ ಮೊದಲ ಮೂರು ಹಂತಗಳನ್ನು ನಿಧಾನವಾಗಿ ಓದಿ.

ಹಂತ 1: ನೆಟ್‌ವರ್ಕಿಗೆ ಸೇರಿದ ದಿನಾಂಕ ಕೈಯಲ್ಲಿರಲಿ

ನೆಟ್‌ವರ್ಕ್ ಅಂದರೆ ಇನ್ಶೂರೆನ್ಸ್ ಕಂಪನಿ ಜೊತೆ ದರದ ಒಪ್ಪಂದ ಮಾಡಿಕೊಂಡವರ ಪಟ್ಟಿ. ಅದಕ್ಕೆ ಸೇರಲು ಕೌನ್ಸೆಲರ್‌ಗೆ ಎನ್‌ಪಿಐ ನಂಬರ್ ಬೇಕು, ಅಂದರೆ ಚಿಕಿತ್ಸೆ ಕೊಡುವವರ ರಾಷ್ಟ್ರೀಯ ಗುರುತಿನ ನಂಬರ್. ಒಬ್ಬ ವ್ಯಕ್ತಿಗೆ ಸಿಗುವುದು ಟೈಪ್ 1, ಸಂಸ್ಥೆ ಮಾಡಿಕೊಂಡಿದ್ದರೆ ಅದಕ್ಕೆ ಟೈಪ್ 2. ಇದರ ಜೊತೆ ತೆರಿಗೆಯ ಐಡಿ, ರಾಜ್ಯದ ಲೈಸೆನ್ಸ್, ಮಾಲ್‌ಪ್ರಾಕ್ಟಿಸ್ ಇನ್ಶೂರೆನ್ಸ್. ಇವನ್ನೆಲ್ಲ ಸಿಎಕ್ಯುಎಚ್ ಪೋರ್ಟಲ್‌ನಲ್ಲಿ, ಅಂದರೆ ಇನ್ಶೂರೆನ್ಸ್ ಕಂಪನಿಗಳು ಈ ದಾಖಲೆಗಳನ್ನು ನೋಡುವ ಜಾಲತಾಣದಲ್ಲಿ, ಹಾಕಬೇಕು. ಹಾಕಿ ಮರೆಯುವ ಹಾಗಿಲ್ಲ. 120 ದಿನಕ್ಕೊಮ್ಮೆ ಒಳಗೆ ಹೋಗಿ ಎಲ್ಲ ಸರಿಯಿದೆ ಅಂತ ಮತ್ತೆ ದೃಢೀಕರಿಸಬೇಕು. ಇದನ್ನು ಮರೆತ ಕಾರಣಕ್ಕೇ ನೆಟ್‌ವರ್ಕಿನಿಂದ ಹೊರಬಿದ್ದವರಿದ್ದಾರೆ. ಕ್ಯಾಲೆಂಡರ್‌ನಲ್ಲಿ 110ನೇ ದಿನಕ್ಕೆ ಅಲಾರಾಂ ಇಟ್ಟುಕೊಳ್ಳಿ.

ನೆಟ್‌ವರ್ಕಿಗೆ ಸೇರಿಸಿಕೊಳ್ಳಿ ಅಂತ ಹಾಕುವ ಕ್ರೆಡೆನ್ಷಿಯಲಿಂಗ್ ಅರ್ಜಿ ಪಾಸಾಗಲು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಮಧ್ಯೆ ಇನ್ಶೂರೆನ್ಸ್ ಕಂಪನಿಯ ರೆಪ್ ಒಬ್ಬರು ಫೋನಿನಲ್ಲಿ ‘ಅಪ್ರೂವ್ ಆಗಿದೆ’ ಅಂತ ಹೇಳಬಹುದು. ಅದನ್ನು ನಂಬಿ ಕ್ಲೈಂಟ್ ನೋಡಲು ಶುರು ಮಾಡಬೇಡಿ. ಎಫೆಕ್ಟಿವ್ ಡೇಟ್ ಇರುವ ಪತ್ರ ಬರಬೇಕು. ಆ ದಿನಾಂಕಕ್ಕಿಂತ ಒಂದು ದಿನ ಹಿಂದಿನ ಸೆಷನ್ ಆದರೂ ಅದು ಔಟ್ ಆಫ್ ನೆಟ್‌ವರ್ಕ್.

ಗ್ರೂಪ್ ಕ್ಲಿನಿಕ್ ಆಗಿದ್ದರೆ ಇನ್ನೊಂದು ಕೆಲಸ ಇದೆ. ಹೊಸ ಥೆರಪಿಸ್ಟ್ ಈಗಾಗಲೇ ಆ ಇನ್ಶೂರೆನ್ಸ್‌ನ ನೆಟ್‌ವರ್ಕಿನಲ್ಲಿದ್ದರೂ ನಿಮ್ಮ ಗ್ರೂಪಿನ ತೆರಿಗೆ ಐಡಿಗೆ ಅವರನ್ನು ಲಿಂಕ್ ಮಾಡಿಸಬೇಕು, ಅದೂ ಪ್ರತಿ ಇನ್ಶೂರೆನ್ಸ್ ಕಂಪನಿಯಲ್ಲಿ ಬೇರೆ ಬೇರೆಯಾಗಿ. ಹಳೆಯ ಕ್ಲಿನಿಕ್ಕಿನಲ್ಲಿ ನೆಟ್‌ವರ್ಕಿನಲ್ಲಿದ್ದೆ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಇನ್ನೂ ಪೂರ್ತಿ ಲೈಸೆನ್ಸ್ ಸಿಗದ, ಸೂಪರ್‌ವಿಷನ್‌ನಲ್ಲಿ ಕೆಲಸ ಮಾಡುವ ಕೌನ್ಸೆಲರ್‌ಗಳ ವಿಷಯದಲ್ಲಿ ಹುಷಾರು. ಅವರು ನೋಡಿದ ಸೆಷನ್ನನ್ನು ಸೂಪರ್‌ವೈಸರ್ ಹೆಸರಿನಲ್ಲಿ ಬಿಲ್ ಮಾಡುವುದು ಕೆಲವು ಕಡೆ ನಿಯಮದ ಪ್ರಕಾರವೇ ಸರಿ, ಕೆಲವು ಕಡೆ ನೇರ ಮೋಸ. ಆ ಕಂಪನಿಯ ನಿಯಮ ಬರಹದಲ್ಲಿ ಸಿಗುವವರೆಗೂ ಮಾಡಬೇಡಿ. ‘ಎಲ್ಲರೂ ಹಾಗೇ ಮಾಡುತ್ತಾರೆ’ ಅಂತ ಕ್ಲಿನಿಕ್ ಮಾಲೀಕರು ಹೇಳಿದರೂ ಬೇಡ.

ಹಿರಿಯ ನಾಗರಿಕರ ಮೆಡಿಕೇರ್‌ನಲ್ಲಿ ಬಹಳ ಕಾಲ ಲೈಸೆನ್ಸ್ಡ್ ಕೌನ್ಸೆಲರ್‌ಗಳಿಗೂ ಮ್ಯಾರೇಜ್ ಅಂಡ್ ಫ್ಯಾಮಿಲಿ ಥೆರಪಿಸ್ಟ್‌ಗಳಿಗೂ ಬಿಲ್ ಮಾಡುವ ಅವಕಾಶವೇ ಇರಲಿಲ್ಲ. 2024ರ ಜನವರಿ 1ರಿಂದ ಇದೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಕೊಡುವುದರಲ್ಲಿ ನೂರಕ್ಕೆ 75ರಷ್ಟು ಕೊಡುತ್ತಾರೆ. ಅಮೆರಿಕದಲ್ಲೇ ನೆಲೆ ನಿಂತ ಎಷ್ಟೋ ಕನ್ನಡದ ಕುಟುಂಬಗಳಲ್ಲಿ ಈಗ ಅರವತ್ತೈದು ದಾಟಿದವರು ಇದ್ದಾರೆ. ಅವರಿಗೆ ಕನ್ನಡದಲ್ಲಿ ಮಾತಾಡುವ ಕೌನ್ಸೆಲರ್ ಸಿಕ್ಕರೆ ಅದರ ಬೆಲೆಯೇ ಬೇರೆ. ಮೆಡಿಕೇರ್‌ಗೆ ಇನ್ನೂ ಸೇರಿಲ್ಲದಿದ್ದರೆ ಸೇರುವುದನ್ನು ಯೋಚಿಸಿ.

ಹಂತ 2: ಮೊದಲ ಫೋನ್, ಕಾರ್ಡಿನ ಎರಡೂ ಬದಿ

ಕ್ಲೈಂಟ್ ಅಪಾಯಿಂಟ್‌ಮೆಂಟ್ ಕೇಳಿದಾಗಲೇ ಇನ್ಶೂರೆನ್ಸ್ ಕಾರ್ಡಿನ ಫೋಟೋ ತರಿಸಿಕೊಳ್ಳಿ. ಎರಡೂ ಬದಿ. ಮುಂದಿನ ಬದಿಯಲ್ಲಿ ದೊಡ್ಡದಾಗಿ ಇರುವ ಕಂಪನಿಯ ಲೋಗೋ ನಿಮ್ಮ ಕೆಲಸಕ್ಕೆ ಎಷ್ಟೋ ಸಲ ಸಂಬಂಧವೇ ಇಲ್ಲ. ಜ್ವರ, ಕೆಮ್ಮಿಗೆ ಒಂದು ಕಂಪನಿ, ಮಾನಸಿಕ ಆರೋಗ್ಯಕ್ಕೆ ಇನ್ನೊಂದು ಕಂಪನಿ ಅಂತ ಪಾಲು ಮಾಡಿಟ್ಟಿರುತ್ತಾರೆ. ಇದಕ್ಕೆ ನಮ್ಮ ಕೆಲಸದಲ್ಲಿ ಕಾರ್ವ್ ಔಟ್ ಅನ್ನುತ್ತಾರೆ. ಯುನೈಟೆಡ್ ಹೆಲ್ತ್‌ಕೇರ್ ಕಾರ್ಡ್ ಇದ್ದರೆ ಮಾನಸಿಕ ಆರೋಗ್ಯವನ್ನು ಸಾಮಾನ್ಯವಾಗಿ ಆಪ್ಟಮ್ ನೋಡಿಕೊಳ್ಳುತ್ತದೆ. ಬೇರೆ ಕಾರ್ಡುಗಳ ಹಿಂದೆ ಮೆಗೆಲನ್ ಇರಬಹುದು, ಕ್ಯಾರೆಲಾನ್ ಇರಬಹುದು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಬಿಹೇವಿಯರಲ್ ಹೆಲ್ತ್’ ಅಂತ ಬೇರೆ ಫೋನ್ ನಂಬರ್ ಕಂಡರೆ ಕರೆ ಮಾಡಬೇಕಾದದ್ದು ಅಲ್ಲಿಗೆ. ಮುಂದಿನ ಲೋಗೋ ನೋಡಿ ಕ್ಲೇಮ್ ಕಳಿಸಿದರೆ ಸಿಓ 109 ಅಂತ ವಾಪಸ್ ಬರುತ್ತದೆ, ಅಂದರೆ ‘ನಮ್ಮದಲ್ಲ, ಸರಿಯಾದ ಕಡೆ ಕಳಿಸಿ’ ಅಂತ.

ಆಮೇಲೆ ಹೆಸರು. ನಮ್ಮವರ ವಿಷಯದಲ್ಲಿ ಇದು ದೊಡ್ಡ ತಲೆನೋವು. ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಇನಿಷಿಯಲ್‌ನಲ್ಲಿ ಇಟ್ಟುಕೊಂಡು ಬೆಳೆದವರು ನಾವು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಅಚ್ಚಾಗಿ, ನಿಜವಾದ ಹೆಸರು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅನ್ನುವುದರ ಗುರುತು ಅದು. ಆಫೀಸಿನ ಎಚ್‌ಆರ್ ಅದನ್ನೇ ಇನ್ಶೂರೆನ್ಸ್‌ಗೆ ಕಳಿಸುತ್ತದೆ. ಕ್ಲೈಂಟ್ ನಿಮಗೆ ‘ನನ್ನ ಹೆಸರು ಶ್ರೀನಿವಾಸ’ ಅಂತ ಹೇಳುತ್ತಾರೆ, ಕಾರ್ಡಿನಲ್ಲಿ ‘ಎಫ್‌ಎನ್‌ಯು ಶ್ರೀನಿವಾಸ’ ಇರುತ್ತದೆ. ನೀವು ಸಂಕೋಚದಿಂದ ಅದನ್ನು ತಿದ್ದಿ ಬರೆದರೆ ಕ್ಲೇಮ್ ‘ಇಂಥ ಸದಸ್ಯರು ಇಲ್ಲ’ ಅಂತ ತಿರುಗಿ ಬರುತ್ತದೆ. ಕಾರ್ಡಿನಲ್ಲಿ ಹೇಗಿದೆಯೋ ಹಾಗೇ, ಜಾಗ ಬಿಟ್ಟಲ್ಲಿ ಜಾಗ ಬಿಟ್ಟು ಹಾಕಿ. ಹುಟ್ಟಿದ ತಾರೀಖೂ ಅಷ್ಟೇ. ಅವರು ತಿಂಗಳು ಮೊದಲು ಬರೆಯುತ್ತಾರೆ, ನಾವು ದಿನ ಮೊದಲು. 04/07 ಅಂದರೆ ಏಪ್ರಿಲ್ ಏಳೋ ಜುಲೈ ನಾಲ್ಕೋ? ಕೇಳಿ, ತಿಂಗಳ ಹೆಸರು ಹೇಳಿಸಿಕೊಳ್ಳಿ.

ಈಗ ಬೆನಿಫಿಟ್, ಅಂದರೆ ಪ್ಲಾನ್ ಏನೇನಕ್ಕೆ ಎಷ್ಟು ಕೊಡುತ್ತದೆ ಅಂತ ಕೇಳುವ ಕರೆ. ಪೋರ್ಟಲ್‌ನಲ್ಲೂ ನೋಡಬಹುದು, ಆದರೆ ಮಾನಸಿಕ ಆರೋಗ್ಯದ ವಿವರ ಅಲ್ಲಿ ಅರ್ಧಂಬರ್ಧ ಇರುತ್ತದೆ. ಹೊಸ ಕ್ಲೈಂಟ್‌ಗೆ ನಾನು ಫೋನೇ ಮಾಡುತ್ತೇನೆ. ಸುಮ್ನೆ ‘ಪ್ಲಾನ್ ಆಕ್ಟಿವ್ ಇದೆಯಾ’ ಅಂತ ಕೇಳಿ ಇಡಬೇಡಿ. ಈ ಥೆರಪಿಸ್ಟ್, ಈ ಎನ್‌ಪಿಐ, ಈ ವಿಳಾಸದಲ್ಲಿ, ಈ ದಿನಾಂಕಕ್ಕೆ ನೆಟ್‌ವರ್ಕಿನಲ್ಲಿದ್ದಾರಾ ಅಂತ ಕೇಳಿ. 90791, 90834, 90837 ಈ ಮೂರು ಸೆಷನ್ ಕೋಡುಗಳನ್ನೂ (ಅರ್ಥ ಹಂತ 4ರಲ್ಲಿದೆ) ಹೆಸರಿಸಿ, ಕ್ಲಿನಿಕ್ಕಿನಲ್ಲಿ ಒಂದು, ವೀಡಿಯೋ ಮೇಲೆ ಒಂದು ಅಂತ ಬೇರೆ ಬೇರೆಯಾಗಿ ಕೇಳಿ. ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮುಂಚೆ ಕ್ಲೈಂಟ್ ವರ್ಷಕ್ಕೆ ತಾವೇ ಕಟ್ಟಬೇಕಾದ ಮೊತ್ತ) ಎಷ್ಟು, ಅದರಲ್ಲಿ ಎಷ್ಟು ತುಂಬಿದೆ, ಥೆರಪಿಗೆ ಡಿಡಕ್ಟಿಬಲ್ ಅನ್ವಯಿಸುತ್ತದಾ ಇಲ್ಲವಾ. ಕೋಪೇ, ಅಂದರೆ ಪ್ರತಿ ಸೆಷನ್‌ಗೆ ಕ್ಲೈಂಟ್ ಕೊಡುವ ನಿಗದಿತ ಪಾಲು, ಎಷ್ಟು. ಆಥರೈಸೇಷನ್ (ಕಂಪನಿಯ ಮುಂಗಡ ಒಪ್ಪಿಗೆ) ಬೇಕಾ, ಎಷ್ಟು ಸೆಷನ್ ಆದ ಮೇಲೆ ಬೇಕು. ಪ್ಲಾನ್ ವರ್ಷ ಜನವರಿಗೆ ಶುರುವೋ ಬೇರೆ ತಿಂಗಳಿಗೋ. ಕ್ಲೇಮ್ ಕಳಿಸಲು ಎಷ್ಟು ದಿನ ಗಡುವು. ಬೇರೆ ಇನ್ಶೂರೆನ್ಸ್ ಏನಾದರೂ ದಾಖಲೆಯಲ್ಲಿದೆಯಾ. ಕೊನೆಗೆ ರೆಪ್ ಹೆಸರು, ಕಾಲ್ ರೆಫರೆನ್ಸ್ ನಂಬರ್. ಇದಿಲ್ಲದೆ ಫೋನ್ ಇಡಬಾರದು. ಮುಂದೆ ಅವರ ಮಾತು ಅವರೇ ತಪ್ಪಿದಾಗ ನಿಮ್ಮ ಕೈಯಲ್ಲಿರುವುದು ಅದೊಂದೇ.

ಇದನ್ನು ಒಂದು ಸಲ ಮಾಡಿದರೆ ಸಾಲದು. ಈ ಪಾಠವನ್ನು ನಾನು ಕಲಿತದ್ದು ಒಬ್ಬ ಕೌನ್ಸೆಲರ್‌ಗೆ ನಷ್ಟ ಮಾಡಿ. ಅವರ ಕ್ಲೈಂಟ್ ಒಬ್ಬರ ಬೆನಿಫಿಟ್‌ಗಳನ್ನು ನಾನು ಡಿಸೆಂಬರ್‌ನಲ್ಲಿ ನೋಡಿದ್ದೆ, ಎಲ್ಲ ಸರಿಯಿತ್ತು. ಹೊಸ ವರ್ಷಕ್ಕೆ ಆ ಕ್ಲೈಂಟ್ ಕೆಲಸ ಬದಲಾಯಿಸಿದರು, ಇನ್ಶೂರೆನ್ಸ್ ಬದಲಾಯಿತು. ಕೌನ್ಸೆಲರ್‌ಗೆ ಹೇಳಬೇಕು ಅಂತ ಅವರಿಗೆ ಹೊಳೆಯಲಿಲ್ಲ. ಜನವರಿಯ ಕ್ಲೇಮುಗಳು ಸಿಓ 27 ಅಂತ ವಾಪಸ್ ಬಂದವು, ಅಂದರೆ ಪಾಲಿಸಿ ಮುಗಿದ ಮೇಲಿನ ಸೇವೆ. ಅವು ಡಿನೈಯಲ್ ಕ್ಯೂನಲ್ಲಿ, ಅಂದರೆ ನಿರಾಕರಿಸಿದ ಕ್ಲೇಮುಗಳ ಸಾಲಿನಲ್ಲಿ, ಬಿದ್ದಿದ್ದವು, ನಾನು ಬೇರೆ ದೊಡ್ಡ ಮೊತ್ತದ ಕ್ಲೇಮುಗಳ ಹಿಂದೆ ಇದ್ದೆ. ಹೊಸ ಕಾರ್ಡ್ ಕೈಗೆ ಬಂದಾಗ ಏಪ್ರಿಲ್ ಮಧ್ಯ. ಹೊಸ ಕಂಪನಿಯ ಗಡುವು 90 ದಿನ. ಜನವರಿ ಮೊದಲೆರಡು ವಾರದ ಸೆಷನ್‌ಗಳ ಗಡುವು ದಾಟಿತ್ತು. ನೆಟ್‌ವರ್ಕಿನಲ್ಲಿರುವುದರಿಂದ ಆ ಹಣವನ್ನು ಕ್ಲೈಂಟ್ ಹತ್ತಿರ ಕೇಳುವ ಹಾಗೂ ಇಲ್ಲ. ಕೌನ್ಸೆಲರ್ ನನಗೆ ಒಂದು ಮಾತೂ ಬೈಯಲಿಲ್ಲ. ‘ಮುಂದಿನ ಸಲ ನೋಡಿಕೊಳ್ಳೋಣ’ ಅಂದರು. ಆವತ್ತಿನಿಂದ ಪ್ರತಿ ತಿಂಗಳ 1ನೇ ತಾರೀಖು ಎಲ್ಲ ಕ್ಲೈಂಟ್‌ಗಳ ಎಲಿಜಿಬಿಲಿಟಿ (ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ಅನ್ನುವುದು) ಮತ್ತೆ ನೋಡುತ್ತೇನೆ. ಜನವರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಮೊದಲ ಸೆಷನ್‌ಗೆ ಮುಂಚೆ ಹೊಸ ಕಾರ್ಡಿನ ಫೋಟೋ ಕೇಳಿಯೇ ಕೇಳುತ್ತೇವೆ, ಏನೂ ಬದಲಾಗಿಲ್ಲ ಅಂತ ಅವರು ಹೇಳಿದರೂ.

ಹಂತ 3: ಹಣದ ಮಾತು ಕಣ್ಣೀರಿನ ಮಾತಿಗಿಂತ ಮೊದಲು

ಕೌನ್ಸೆಲರ್‌ಗಳಿಗೆ ಹಣ ಕೇಳಲು ಸಂಕೋಚ. ಅರ್ಥವಾಗುತ್ತದೆ. ಒಬ್ಬರು ಮಗುವನ್ನು ಕಳೆದುಕೊಂಡ ಕಥೆ ಹೇಳಿ ಎದ್ದಾಗ ‘25 ಡಾಲರ್ ಕೊಡಿ’ ಅನ್ನಲು ಬಾಯಿ ಬರುವುದಿಲ್ಲ. ಅದಕ್ಕೇ ಆ ಮಾತು ಸೆಷನ್‌ಗೆ ಮುಂಚೆಯೇ, ಬರಹದಲ್ಲಿ, ಬೇರೆಯವರಿಂದ ಮುಗಿದಿರಬೇಕು.

ಒಂದು ಲೆಕ್ಕ ನೋಡಿ. ಕ್ಲೈಂಟ್‌ನ ಡಿಡಕ್ಟಿಬಲ್ 2000 ಡಾಲರ್, ಇನ್ಶೂರೆನ್ಸ್ ಒಪ್ಪಿರುವ ದರ ಸೆಷನ್‌ಗೆ 110 ಡಾಲರ್ ಅಂತಿಟ್ಟುಕೊಳ್ಳಿ. ಥೆರಪಿಗೂ ಡಿಡಕ್ಟಿಬಲ್ ಅನ್ವಯಿಸುವ ಪ್ಲಾನ್. ಕಾರ್ಡಿನ ಮೇಲೆ ಕೋಪೇ 25 ಅಂತ ನೋಡಿ ಕ್ಲೈಂಟ್ ಬಂದಿರುತ್ತಾರೆ. ಬೇರೆ ಆಸ್ಪತ್ರೆ ಖರ್ಚು ಇಲ್ಲದಿದ್ದರೆ ಮೊದಲ 18 ಸೆಷನ್‌ವರೆಗೂ ಪೂರ್ತಿ 110 ಅವರೇ ಕಟ್ಟಬೇಕು. ನಾಲ್ಕು ತಿಂಗಳಿಗೂ ಜಾಸ್ತಿ. ಇದನ್ನು ಮೊದಲ ಫೋನಿನಲ್ಲೇ ಹೇಳಿದರೆ ಅವರು ಹದಿನೈದು ದಿನಕ್ಕೊಮ್ಮೆ ಬರಬಹುದು, ಬೇರೆ ದಾರಿ ನೋಡಬಹುದು. ಹೇಳದೆ ಎಂಟನೇ ವಾರ ಹೇಳಿದರೆ ಅದು ನಂಬಿಕೆಗೆ ಬೀಳುವ ಪೆಟ್ಟು. ಕೌನ್ಸೆಲಿಂಗ್ ನಿಂತಿರುವುದೇ ನಂಬಿಕೆ ಮೇಲೆ ಅಲ್ವಾ.

ಇನ್ಶೂರೆನ್ಸ್ ಇಲ್ಲದವರಿಗೆ, ಇದ್ದರೂ ಬಳಸದೆ ಕೈಯಿಂದ ಕಟ್ಟುವವರಿಗೆ 2022ರ ಜನವರಿ 1ರಿಂದ ‘ಗುಡ್ ಫೇತ್ ಎಸ್ಟಿಮೇಟ್’ ಕೊಡುವುದು ಕಡ್ಡಾಯ. ನೋ ಸರ್ಪ್ರೈಸಸ್ ಆಕ್ಟ್ ತಂದ ನಿಯಮ. ಅಪಾಯಿಂಟ್‌ಮೆಂಟ್ ಕನಿಷ್ಠ 3 ಕೆಲಸದ ದಿನ ಮುಂಚೆ ನಿಗದಿಯಾದರೆ ಒಂದು ಕೆಲಸದ ದಿನದೊಳಗೆ ಅಂದಾಜು ಕೊಡಬೇಕು. ಬಿಲ್ ಆ ಅಂದಾಜಿಗಿಂತ 400 ಡಾಲರ್ ಅಥವಾ ಅದಕ್ಕೂ ಜಾಸ್ತಿ ಬಂದರೆ ಕ್ಲೈಂಟ್ 120 ದಿನದೊಳಗೆ ತಕರಾರು ಎತ್ತಬಹುದು. ವಾರವಾರ ಬರುವವರಿಗೆ ಇಡೀ ವರ್ಷಕ್ಕೆ ಒಂದೇ ಅಂದಾಜು ಮಾಡಿ ಕೊಡಬಹುದು, ವರ್ಷ ಮುಗಿದಾಗ ಹೊಸದು.

ಬರದೆ ತಪ್ಪಿಸಿಕೊಂಡ ಅಪಾಯಿಂಟ್‌ಮೆಂಟ್‌ನ ಹಣವನ್ನು ಇನ್ಶೂರೆನ್ಸ್‌ಗೆ ಬಿಲ್ ಮಾಡುವಂತಿಲ್ಲ. ಕ್ಲೈಂಟ್ ಮೊದಲೇ ಸಹಿ ಹಾಕಿದ್ದರೆ ಅವರ ಹತ್ತಿರ ತೆಗೆದುಕೊಳ್ಳಬಹುದು, ಕಡಿಮೆ ಆದಾಯದವರ ಸರ್ಕಾರಿ ಇನ್ಶೂರೆನ್ಸ್ ಆದ ಮೆಡಿಕೈಡ್‌ನವರ ಹತ್ತಿರ ಸಾಮಾನ್ಯವಾಗಿ ಅದೂ ಇಲ್ಲ. ಇನ್ನೊಂದು, ಪಾಪ ಅನ್ನಿಸಿತು ಅಂತ ಎಲ್ಲರ ಕೋಪೇ ಮನ್ನಾ ಮಾಡುವುದು ಒಪ್ಪಂದಕ್ಕೆ ವಿರುದ್ಧ. ನಿಜವಾಗಿ ಕಷ್ಟದಲ್ಲಿರುವವರಿಗೆ ಒಂದು ಅರ್ಜಿ ಬರೆಸಿಕೊಂಡು, ಕಾರಣ ದಾಖಲಿಸಿ, ಅವರಿಗೆ ಮಾತ್ರ ಕಡಿಮೆ ಮಾಡಿ.

ಹಂತ 4: ಕೋಡ್ ಹೇಳುವುದು ಗಡಿಯಾರ

ಮೊದಲ ಭೇಟಿಯ ಮೌಲ್ಯಮಾಪನಕ್ಕೆ 90791. ಆಮೇಲಿನ ಒಬ್ಬರ ಸೆಷನ್‌ಗೆ ಮೂರು ಕೋಡ್. 16ರಿಂದ 37 ನಿಮಿಷ ಆದರೆ 90832. 38ರಿಂದ 52 ನಿಮಿಷ ಆದರೆ 90834. 53 ನಿಮಿಷ ಅಥವಾ ಜಾಸ್ತಿ ಆದರೆ 90837. 16 ನಿಮಿಷಕ್ಕಿಂತ ಕಡಿಮೆ ಆದರೆ ಬಿಲ್ ಇಲ್ಲ. ಕೌನ್ಸೆಲರ್ ‘ಒಂದು ಗಂಟೆ ಸೆಷನ್’ ಅಂತ ಬುಕ್ ಮಾಡಿ 50 ನಿಮಿಷ ಮಾತಾಡಿ, 10 ನಿಮಿಷ ನೋಟ್ಸ್ ಬರೆದು 90837 ಹಾಕುತ್ತಾರೆ. ತಪ್ಪು. ನೋಟ್ಸ್ ಬರೆದ ಸಮಯ ಲೆಕ್ಕಕ್ಕಿಲ್ಲ. ಅದು 90834. ಮೂರು ನಿಮಿಷದ ವ್ಯತ್ಯಾಸ ಚಿಕ್ಕದು ಅನ್ನಿಸುತ್ತದೆ, ಆದರೆ ಇನ್ಶೂರೆನ್ಸ್ ಕಂಪನಿಗಳು ಯಾರು 90837 ಜಾಸ್ತಿ ಹಾಕುತ್ತಾರೆ ಅಂತ ಪಟ್ಟಿ ಮಾಡಿ ಪತ್ರ ಕಳಿಸುತ್ತವೆ. ನಿಜವಾಗಿಯೂ 53 ನಿಮಿಷ ಕೂತಿದ್ದರೆ ಹೆದರಿ ಕೆಳಗಿನ ಕೋಡ್ ಹಾಕುವುದೂ ಬೇಡ. ಶುರುವಾದ ಸಮಯ, ಮುಗಿದ ಸಮಯ ನೋಟಿನಲ್ಲಿ ಬರೆದಿದ್ದರೆ ಸಾಕು, ಪತ್ರ ಬಂದರೂ ಉತ್ತರ ಇರುತ್ತದೆ.

ತೀವ್ರ ಬಿಕ್ಕಟ್ಟಿನಲ್ಲಿ ಬಂದವರಿಗೆ 90839 ಇದೆ, ಕನಿಷ್ಠ 30 ನಿಮಿಷ ಆಗಿರಬೇಕು. ಗುಂಪಿಗೆ 90853. ಮನೆಯವರ ಜೊತೆ, ಕ್ಲೈಂಟ್ ಇದ್ದರೆ 90847, ಇಲ್ಲದಿದ್ದರೆ 90846, ಎರಡಕ್ಕೂ ಕನಿಷ್ಠ 26 ನಿಮಿಷ. ಗಂಡ ಹೆಂಡತಿ ಇಬ್ಬರೂ ಬಂದಾಗ ಇಬ್ಬರ ಹೆಸರಿನಲ್ಲೂ ಬಿಲ್ ಮಾಡುವ ಹಾಗಿಲ್ಲ. ಯಾರೋ ಒಬ್ಬರು ಕ್ಲೈಂಟ್, ಅವರಿಗೊಂದು ಡಯಾಗ್ನೋಸಿಸ್ ಇರಬೇಕು. ಬರೀ ಸಂಸಾರದ ಜಗಳ ಅಂತ ಜಡ್ 63.0 ಹಾಕಿದರೆ ಹೆಚ್ಚಿನ ಕಂಪನಿಗಳು ಕೊಡುವುದಿಲ್ಲ. ಹಾಗಂತ ದುಡ್ಡು ಬರಲಿ ಅಂತ ಇಲ್ಲದ ಖಿನ್ನತೆಯನ್ನು ಒಬ್ಬರ ತಲೆಗೆ ಕಟ್ಟಬೇಡಿ. ಆ ಕೋಡ್ ಅವರ ದಾಖಲೆಯಲ್ಲಿ ಉಳಿಯುತ್ತದೆ, ನಾಳೆ ಲೈಫ್ ಇನ್ಶೂರೆನ್ಸ್ ಅರ್ಜಿ ಹಾಕಿದಾಗ ಎದುರಿಗೆ ಬರಬಹುದು.

ನೋಟ್ ಬರೆಯುವುದು ಕೌನ್ಸೆಲರ್ ಕೆಲಸ, ಆದರೂ ಹಣ ನಿಲ್ಲುವುದು ಅದರಿಂದಲೇ. ‘ಕ್ಲೈಂಟ್ ಜೊತೆ ಆಫೀಸಿನ ಒತ್ತಡದ ಬಗ್ಗೆ ಮಾತಾಡಿದೆ, ಬೆಂಬಲ ಕೊಟ್ಟೆ’ ಅಂತ ಒಂದು ಸಾಲು ಬರೆದರೆ ಆಡಿಟ್‌ನವರು ಇದು ಚಿಕಿತ್ಸೆ ಅಂತ ಒಪ್ಪುವುದಿಲ್ಲ. ಅದೇ ಸೆಷನ್ನನ್ನು ಹೀಗೆ ಬರೆಯಬಹುದು: ‘ಬೆಳಿಗ್ಗೆ 10:02ರಿಂದ 10:56. ಎಫ್ 41.1, ಆತಂಕ. ವಾರದಲ್ಲಿ ನಾಲ್ಕು ರಾತ್ರಿ ಎರಡು ಗಂಟೆವರೆಗೂ ನಿದ್ದೆ ಬಂದಿಲ್ಲ, ಎರಡು ದಿನ ಕೆಲಸಕ್ಕೆ ರಜೆ. ಚಿಂತೆಗಳನ್ನು ಬರೆದು ಪರೀಕ್ಷಿಸುವ ಸಿಬಿಟಿ ಅಭ್ಯಾಸ ಮಾಡಿಸಿದೆ. ಎರಡನೇ ಗುರಿಯಲ್ಲಿ ಸ್ವಲ್ಪ ಪ್ರಗತಿ. ಮುಂದಿನ ವಾರ ನಿದ್ದೆಯ ದಿನಚರಿ ತರಬೇಕು.’ ಇಷ್ಟರಲ್ಲಿ ಗುಟ್ಟು ಯಾವುದೂ ಹೊರಬಿದ್ದಿಲ್ಲ, ಆದರೆ ಕೇಳುವ ಪ್ರತಿ ಪ್ರಶ್ನೆಗೂ ಉತ್ತರ ಇದೆ.

ಗುಟ್ಟಿನ ಮಾತು ಬರೆದುಕೊಳ್ಳಲು ‘ಸೈಕೋಥೆರಪಿ ನೋಟ್ಸ್’ ಅಂತ ಬೇರೆ ಪುಸ್ತಕವೇ ಇರಲಿ. ರೋಗಿಗಳ ಮಾಹಿತಿ ಕಾಪಾಡುವ ಎಚ್‌ಐಪಿಎಎ ಕಾನೂನು ಅದಕ್ಕೆ ವಿಶೇಷ ರಕ್ಷಣೆ ಕೊಟ್ಟಿದೆ, ಅದನ್ನು ಕೊಟ್ಟರೆ ಮಾತ್ರ ಹಣ ಅಂತ ಇನ್ಶೂರೆನ್ಸ್ ಕಂಪನಿ ಹೇಳುವಂತಿಲ್ಲ. ಆದರೆ ಮುಖ್ಯ ಕಡತದಿಂದ ಬೇರೆಯಾಗಿ ಇಟ್ಟಿದ್ದರೆ ಮಾತ್ರ ಈ ರಕ್ಷಣೆ. ಎರಡನ್ನೂ ಒಂದೇ ಕಡೆ ಬರೆದರೆ ಇಲ್ಲ.

ಹಂತ 5: ಕ್ಲೇಮ್ ಕಳಿಸುವುದು

ಇದು ಸುಲಭದ ಭಾಗ. ಸಿಎಂಎಸ್ 1500 ಫಾರಂ, ಈಗ ಹೆಚ್ಚಾಗಿ ಅದರ ಎಲೆಕ್ಟ್ರಾನಿಕ್ ರೂಪ 837ಪಿ. 21ನೇ ಬಾಕ್ಸ್‌ನಲ್ಲಿ ಡಯಾಗ್ನೋಸಿಸ್, 24ಜೆನಲ್ಲಿ ಸೆಷನ್ ಮಾಡಿದವರ ಎನ್‌ಪಿಐ, 33ಎನಲ್ಲಿ ಬಿಲ್ ಮಾಡುವವರ ಎನ್‌ಪಿಐ, ಆಥರೈಸೇಷನ್ ಇದ್ದರೆ 23ರಲ್ಲಿ. ಗ್ರೂಪ್ ಕ್ಲಿನಿಕ್ಕಿನಲ್ಲಿ 24ಜೆ ಮತ್ತು 33ಎ ಅದಲು ಬದಲು ಆಗುವುದೇ ಜಾಸ್ತಿ, ಕಣ್ಣಿಟ್ಟಿರಿ.

ವೀಡಿಯೋ ಸೆಷನ್ ಆಗಿದ್ದರೆ ಕ್ಲೈಂಟ್ ಎಲ್ಲಿ ಕೂತಿದ್ದರು ಅನ್ನುವುದು ಮುಖ್ಯ. ತಮ್ಮ ಮನೆಯಲ್ಲಿದ್ದರೆ ಪ್ಲೇಸ್ ಆಫ್ ಸರ್ವಿಸ್ 10, ಬೇರೆ ಕಡೆ ಇದ್ದರೆ 02, ಕ್ಲಿನಿಕ್ಕಿಗೇ ಬಂದಿದ್ದರೆ 11. ವೀಡಿಯೋ ಸೆಷನ್ ಅಂತ ಸೂಚಿಸುವ ಮಾಡಿಫೈಯರ್ 95 ಕೆಲವರು ಕೇಳುತ್ತಾರೆ, ಕೆಲವರು ಬೇಡ ಅನ್ನುತ್ತಾರೆ. ಪ್ರತಿ ಕಂಪನಿಗೂ ಒಂದು ಸಾಲಿನ ಚೀಟಿ ಮಾಡಿ ಮಾನಿಟರ್ ಪಕ್ಕ ಅಂಟಿಸಿಕೊಳ್ಳಿ. ಕೌನ್ಸೆಲರ್‌ಗೆ ಲೈಸೆನ್ಸ್ ಬೇಕಾದದ್ದು ಕ್ಲೈಂಟ್ ಆ ಹೊತ್ತಿಗೆ ಇರುವ ರಾಜ್ಯದಲ್ಲಿ. ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಬಂದ ಕ್ಲೈಂಟ್ ‘ಇಲ್ಲಿಂದಲೇ ವೀಡಿಯೋದಲ್ಲಿ ಬರ್ತೀನಿ’ ಅನ್ನುತ್ತಾರೆ. ಅಂಥ ಸೆಷನ್ನನ್ನು ಇನ್ಶೂರೆನ್ಸ್ ಸಾಮಾನ್ಯವಾಗಿ ಕೊಡುವುದಿಲ್ಲ, ಲೈಸೆನ್ಸ್ ಪ್ರಶ್ನೆಯೂ ಏಳುತ್ತದೆ. ಊರಿಗೆ ಹೊರಡುವ ಮುಂಚೆಯೇ ಈ ಮಾತು ಆಗಿರಲಿ.

ಸೆಷನ್ ಆದ ಎರಡು ದಿನದೊಳಗೆ ಕ್ಲೇಮ್ ಹೋಗಲಿ. ಮೆಡಿಕೇರ್ ಒಂದು ವರ್ಷ ಕೊಡುತ್ತದೆ, ಖಾಸಗಿಯವರು ಎಷ್ಟೋ ಜನ 90 ಅಥವಾ 180 ದಿನ. ಕಳಿಸಿದ ಮಾರನೇ ದಿನ ಕ್ಲೇಮುಗಳನ್ನು ಪರೀಕ್ಷಿಸಿ ಇನ್ಶೂರೆನ್ಸ್ ಕಂಪನಿಗೆ ದಾಟಿಸುವ ಕ್ಲಿಯರಿಂಗ್‌ಹೌಸ್‌ನ ವರದಿ ನೋಡುವುದು ಕಳಿಸಿದಷ್ಟೇ ಮುಖ್ಯ. ರಿಜೆಕ್ಷನ್ ಬೇರೆ, ಡಿನೈಯಲ್ ಬೇರೆ. ರಿಜೆಕ್ಟ್ ಆದ ಕ್ಲೇಮ್ ಇನ್ಶೂರೆನ್ಸ್ ಕಂಪನಿಯ ಒಳಗೇ ಹೋಗಿಲ್ಲ. ಅವರ ಲೆಕ್ಕದಲ್ಲಿ ನೀವು ಕಳಿಸಿಯೇ ಇಲ್ಲ, ಗಡುವು ಓಡುತ್ತಲೇ ಇರುತ್ತದೆ. ಕಂಪನಿ ಸ್ವೀಕರಿಸಿದೆ ಅನ್ನುವ 277ಸಿಎ ವರದಿಯನ್ನು ಉಳಿಸಿಟ್ಟುಕೊಳ್ಳಿ. ಗಡುವು ಮೀರಿದೆ ಅಂತ ಸಿಓ 29 ಬಂದಾಗ ನಿಮ್ಮನ್ನು ಕಾಪಾಡುವುದು ಅದೇ.

2024ರ ಫೆಬ್ರವರಿಯಲ್ಲಿ ಚೇಂಜ್ ಹೆಲ್ತ್‌ಕೇರ್ ಅನ್ನುವ ದೊಡ್ಡ ಕ್ಲಿಯರಿಂಗ್‌ಹೌಸ್ ಮೇಲೆ ಸೈಬರ್ ದಾಳಿಯಾಗಿ ಅಮೆರಿಕದಾದ್ಯಂತ ಕ್ಲೇಮುಗಳು ವಾರಗಟ್ಟಲೆ ನಿಂತುಹೋದವು. ಒಬ್ಬರೇ ಇರುವ ಕ್ಲಿನಿಕ್ಕಿಗೆ ಒಂದು ತಿಂಗಳು ಹಣ ಬರದಿದ್ದರೆ ಬಾಡಿಗೆ ಕಟ್ಟುವುದೇ ಕಷ್ಟ. ಎರಡನೇ ಕ್ಲಿಯರಿಂಗ್‌ಹೌಸ್‌ನಲ್ಲಿ ಖಾತೆ ತೆರೆದಿಟ್ಟಿರಿ, ಬಳಸದಿದ್ದರೂ ಪರವಾಗಿಲ್ಲ.

ಹಂತ 6: ಬಂದ ಹಣವನ್ನು ಓದುವುದು

ಇಆರ್‌ಎ, ಅಂದರೆ ಯಾವ ಕ್ಲೇಮಿಗೆ ಎಷ್ಟು ಕೊಟ್ಟರು ಅನ್ನುವ ಎಲೆಕ್ಟ್ರಾನಿಕ್ ವರದಿ, ಬಂದಾಗ ಬರೀ ಮೊತ್ತ ನೋಡಿ ಪೋಸ್ಟ್ ಮಾಡಬೇಡಿ. ನೀವು ಹಾಕಿದ್ದು 175 ಡಾಲರ್. ಸಿಓ 45 ಅಂತ 65 ಕಳೆದರು, ಅದು ಒಪ್ಪಂದದ ಕಡಿತ, ಯಾರಿಂದಲೂ ಕೇಳುವಂತಿಲ್ಲ. ಪಿಆರ್ 3 ಅಂತ 25, ಅದು ಕೋಪೇ, ಕ್ಲೈಂಟ್ ಕೊಡಬೇಕು. ಉಳಿದ 85 ನಿಮಗೆ ಬಂತು. ಸಿಓ ಅಂದರೆ ನಿಮ್ಮ ಹೊಣೆ, ಪಿಆರ್ ಅಂದರೆ ಕ್ಲೈಂಟ್ ಹೊಣೆ. ಪಿಆರ್ 1 ಡಿಡಕ್ಟಿಬಲ್, ಪಿಆರ್ 2 ಕೋಇನ್ಶೂರೆನ್ಸ್, ಅಂದರೆ ಶೇಕಡಾ ಲೆಕ್ಕದ ಪಾಲು. ಹೊಸಬರು ಸಿಓ ಮೊತ್ತವನ್ನು ಕ್ಲೈಂಟ್ ಬಿಲ್ಲಿಗೆ ಸೇರಿಸಿ ಕಳಿಸಿದ್ದನ್ನು ನಾನು ಕಂಡಿದ್ದೇನೆ. ಅದು ಒಪ್ಪಂದ ಮುರಿದ ಹಾಗೆ.

ಒಪ್ಪಂದದ ದರಪಟ್ಟಿಯನ್ನು ಪಕ್ಕದಲ್ಲಿಟ್ಟು ಹೋಲಿಸಿ. 110 ಬರಬೇಕಾದ ಕಡೆ 98 ಬಂದರೆ ಅದು ಡಿನೈಯಲ್ ಅಲ್ಲದ್ದರಿಂದ ಯಾವ ಕ್ಯೂಗೂ ಬೀಳುವುದಿಲ್ಲ. ವಾರಕ್ಕೆ ಇಪ್ಪತ್ತು ಸೆಷನ್ ಮಾಡುವವರಿಗೆ ಸೆಷನ್‌ಗೆ 12 ಡಾಲರ್ ಅಂದರೆ ವಾರಕ್ಕೆ 240.

ಹಂತ 7: ಡಿನೈಯಲ್ ಬಂದಾಗ

ಸಿಓ 16 ಅಂದರೆ ಏನೋ ಮಾಹಿತಿ ಇಲ್ಲ. ಜೊತೆಗಿರುವ ರಿಮಾರ್ಕ್ ಕೋಡ್ ಓದಿ, ತಿದ್ದಿ, ಕರೆಕ್ಟೆಡ್ ಕ್ಲೇಮ್ ಕಳಿಸಿ. 22ನೇ ಬಾಕ್ಸ್‌ನಲ್ಲಿ 7 ಹಾಕಿ ಹಳೆಯ ಕ್ಲೇಮ್ ನಂಬರ್ ಬರೆಯಬೇಕು. ಸುಮ್ನೆ ಇನ್ನೊಂದು ಹೊಸ ಕ್ಲೇಮ್ ಕಳಿಸಿದರೆ ಸಿಓ 18, ಡೂಪ್ಲಿಕೇಟ್ ಅಂತ ಬರುತ್ತದೆ.

ಸಿಓ 22 ಅಂದರೆ ಬೇರೆ ಇನ್ಶೂರೆನ್ಸ್ ಮೊದಲು ಕೊಡಬೇಕು. ಗಂಡ ಹೆಂಡತಿ ಇಬ್ಬರೂ ಐಟಿಯಲ್ಲಿದ್ದು ಮಗುವನ್ನು ಇಬ್ಬರ ಪ್ಲಾನಿಗೂ ಸೇರಿಸಿದ ಮನೆಗಳಲ್ಲಿ ಇದು ಸಾಮಾನ್ಯ. ಅಪ್ಪ ಅಮ್ಮ ಇಬ್ಬರಲ್ಲಿ ಯಾರ ಹುಟ್ಟುಹಬ್ಬ ವರ್ಷದಲ್ಲಿ ಮೊದಲು ಬರುತ್ತದೋ ಅವರ ಪ್ಲಾನ್ ಮೊದಲು. ವಯಸ್ಸು ಲೆಕ್ಕಕ್ಕಿಲ್ಲ, ತಿಂಗಳು ಮತ್ತು ದಿನ ಮಾತ್ರ. ಆದರೆ ಇದನ್ನು ಸರಿಮಾಡುವುದು ನಿಮ್ಮ ಕೈಯಲ್ಲಿಲ್ಲ. ಸದಸ್ಯರೇ ಫೋನ್ ಮಾಡಿ ಹೇಳಬೇಕು. ಯಾವ ನಂಬರಿಗೆ, ಏನು ಹೇಳಬೇಕು ಅಂತ ಎರಡು ಸಾಲು ಬರೆದು ಅವರಿಗೆ ಮೆಸೇಜ್ ಹಾಕಿ. ಇಲ್ಲದಿದ್ದರೆ ಮಾಡುವುದಿಲ್ಲ.

ಸಿಓ 197 ಅಂದರೆ ಆಥರೈಸೇಷನ್ ಇಲ್ಲ. ಇಲ್ಲಿ ನಿಮ್ಮ ಹಳೆಯ ಕಾಲ್ ರೆಫರೆನ್ಸ್ ನಂಬರ್ ಕೆಲಸಕ್ಕೆ ಬರುತ್ತದೆ. ‘ಇಂಥ ದಿನ ಇಂಥವರು ಬೇಡ ಅಂದಿದ್ದರು, ರೆಫರೆನ್ಸ್ ಇದು’ ಅಂತ ಅಪೀಲಿನಲ್ಲಿ ಬರೆಯಿರಿ.

ಸಿಓ 50, ವೈದ್ಯಕೀಯವಾಗಿ ಅಗತ್ಯವಿಲ್ಲ ಅನ್ನುವುದು. ನನಗೆ ಜಾಸ್ತಿ ಸಿಟ್ಟು ಬರುವುದು ಇದಕ್ಕೆ. ವಾರಕ್ಕೆ ಎರಡು ಸೆಷನ್ ಏಕೆ ಅಂತ ಕೇಳುತ್ತಾರೆ, ಅದೇ ಮೊಣಕಾಲಿಗೆ ವಾರಕ್ಕೆ ಮೂರು ಫಿಸಿಯೋಥೆರಪಿ ಕೊಡುವವರು. 2008ರ ಮೆಂಟಲ್ ಹೆಲ್ತ್ ಪ್ಯಾರಿಟಿ ಕಾಯ್ದೆ ಹೇಳುವುದು ಇದನ್ನೇ: ಮಾನಸಿಕ ಆರೋಗ್ಯದ ಬೆನಿಫಿಟ್ ಕೊಡುವ ಪ್ಲಾನ್ ದೇಹದ ಕಾಯಿಲೆಗಿಂತ ಬಿಗಿಯಾದ ಮಿತಿ ಇದಕ್ಕೆ ಹಾಕುವಂತಿಲ್ಲ. ನಮ್ಮ ದೇಶದಲ್ಲೂ 2017ರ ಮೆಂಟಲ್ ಹೆಲ್ತ್‌ಕೇರ್ ಕಾಯ್ದೆ ಇನ್ಶೂರೆನ್ಸ್ ಕಂಪನಿಗಳಿಗೆ ಇಂಥದ್ದೇ ಮಾತು ಹೇಳಿದೆ. ಅಪೀಲಿನಲ್ಲಿ ಭಾವುಕವಾಗಿ ಬರೆಯಬೇಡಿ. ‘ಯಾವ ಮಾನದಂಡದ ಮೇಲೆ ನಿರಾಕರಿಸಿದಿರಿ, ದೇಹದ ಕಾಯಿಲೆಗಳಿಗೂ ಅದೇ ಮಾನದಂಡವೇ, ಲಿಖಿತವಾಗಿ ಕೊಡಿ’ ಅಂತ ಕೇಳಿ. ಜೊತೆಗೆ ಖಿನ್ನತೆ ಅಳೆಯುವ ಪಿಎಚ್‌ಕ್ಯು 9 ಅಥವಾ ಆತಂಕ ಅಳೆಯುವ ಜಿಎಡಿ 7 ಅಂಕಗಳು ಮೊದಲು ಎಷ್ಟಿದ್ದವು, ಈಗ ಎಷ್ಟು ಅಂತ ಸೇರಿಸಿ. ಒಳಗಿನ ಅಪೀಲು ಸೋತರೆ ಹೊರಗಿನ ಸ್ವತಂತ್ರ ಪರಿಶೀಲನೆ ಕೇಳುವ ಹಕ್ಕೂ ಇದೆ. ಹೆಚ್ಚಿನವರು ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಡಿನೈಯಲ್‌ಗಳನ್ನು ಮೊತ್ತದ ಪ್ರಕಾರ ಜೋಡಿಸಬೇಡಿ, ಗಡುವಿನ ಪ್ರಕಾರ ಜೋಡಿಸಿ. ಒಬ್ಬರೇ ಕ್ಲೈಂಟ್‌ನ ಎರಡನೇ ಡಿನೈಯಲ್ ಕಂಡ ತಕ್ಷಣ ಆವತ್ತೇ ಎತ್ತಿಕೊಳ್ಳಿ, ಏಕೆಂದರೆ ಮೂರನೆಯದು ಬರುವ ವಾರ ಬರುತ್ತದೆ.

ಹಂತ 8: ಲಕೋಟೆ ಯಾರ ಕೈಗೆ ಹೋಗುತ್ತದೆ

ಇದನ್ನು ಬಿಲ್ಲಿಂಗ್ ಪಾಠದಲ್ಲಿ ಯಾರೂ ಹೇಳಿಕೊಡುವುದಿಲ್ಲ. ಅಮೆರಿಕದಲ್ಲಿ ಮಕ್ಕಳು 26 ವರ್ಷದವರೆಗೂ ಅಪ್ಪ ಅಮ್ಮನ ಪ್ಲಾನಿನಲ್ಲಿರಬಹುದು. ಹತ್ತೊಂಬತ್ತರ ಹುಡುಗಿ ಕಾಲೇಜಿನ ಊರಿನಲ್ಲಿ ಥೆರಪಿಗೆ ಹೋಗುತ್ತಾಳೆ. ನೀವು ಸರಿಯಾಗಿ ಬಿಲ್ ಮಾಡುತ್ತೀರಿ. ಮೂರು ವಾರಕ್ಕೆ ಇನ್ಶೂರೆನ್ಸ್‌ನಿಂದ ಇಓಬಿ ಅನ್ನುವ ವಿವರಪತ್ರ ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ ಹೋಗುತ್ತದೆ. ಅಪ್ಪ ಲಕೋಟೆ ಒಡೆಯುತ್ತಾರೆ. ನಮ್ಮ ಮನೆಗಳಲ್ಲಿ ಆಮೇಲೆ ಯಾವ ಥರದ ಫೋನ್ ಹೋಗುತ್ತದೆ ಅಂತ ನಿಮಗೂ ಗೊತ್ತು.

ಅದಕ್ಕೆ ಮೊದಲ ಫೋನಿನಲ್ಲೇ, ಹೆತ್ತವರ ಅಥವಾ ಗಂಡ ಹೆಂಡತಿಯ ಪ್ಲಾನ್ ಆಗಿದ್ದರೆ, ಹೇಳಿಬಿಡಿ: ‘ವಿವರ ಅವರಿಗೆ ಹೋಗಬಹುದು, ಪರವಾಗಿಲ್ಲವಾ?’ ಬೇಡ ಅಂದರೆ ಇನ್ಶೂರೆನ್ಸ್‌ಗೆ ‘ಕಾನ್ಫಿಡೆನ್ಷಿಯಲ್ ಕಮ್ಯುನಿಕೇಷನ್’ ಅರ್ಜಿ ಹಾಕಿ ಪತ್ರಗಳನ್ನು ಬೇರೆ ವಿಳಾಸಕ್ಕೆ ತರಿಸಿಕೊಳ್ಳಬಹುದು. ವಿವರ ಹೊರಗೆ ಗೊತ್ತಾದರೆ ತಮಗೆ ಅಪಾಯ ಇದೆ ಅಂತ ತಿಳಿಸಿದರೆ ಕಂಪನಿ ಸಾಧ್ಯವಾದಷ್ಟು ಒಪ್ಪಲೇಬೇಕು. ಅಥವಾ ಪೂರ್ತಿ ಕೈಯಿಂದ ಕಟ್ಟಿ, ಇನ್ಶೂರೆನ್ಸ್‌ಗೆ ತಿಳಿಸಬೇಡಿ ಅಂತ ಬರೆದುಕೊಡುವ ಹಕ್ಕೂ ಇದೆ.

ಇಲ್ಲಿ ಕೂತು ಕೆಲಸ ಮಾಡುವ ನಮಗೂ ಒಂದು ಮಾತು. ಕ್ಲಿನಿಕ್ ಮತ್ತು ನಮ್ಮ ನಡುವೆ ಕ್ಲೈಂಟ್ ಮಾಹಿತಿ ಕಾಪಾಡುವ ಬಿಸಿನೆಸ್ ಅಸೋಸಿಯೇಟ್ ಒಪ್ಪಂದ ಇಲ್ಲದೆ ಒಂದು ಹೆಸರನ್ನೂ ತೆರೆಯಬಾರದು. ಕೆಲವು ರಾಜ್ಯಗಳ ಮೆಡಿಕೈಡ್ ಮಾಹಿತಿಯನ್ನು ದೇಶದ ಹೊರಗಿನಿಂದ ನೋಡಲು ಬಿಡುವುದಿಲ್ಲ, ಅಂಥ ಕ್ಲೇಮನ್ನು ಅಲ್ಲಿಯವರಿಗೇ ಬಿಡಿ. ಮತ್ತೆ, ಕನ್ನಡದ ಹೆಸರೊಂದು ಪರದೆ ಮೇಲೆ ಬಂದಾಗ ಇವರು ಯಾವ ಊರಿನವರಿರಬಹುದು ಅಂತ ಹುಡುಕುವ ಆಸೆ ಹುಟ್ಟುತ್ತದೆ. ಹುಡುಕಬಾರದು. ಪಕ್ಕದ ಟೇಬಲ್‌ನವರಿಗೆ ಹೇಳಲೂಬಾರದು.

ಹಂತ 9: ಉಳಿದ ಬಾಕಿ

ಮೊದಲ ಎಂಟು ಹಂತ ಸರಿಯಾಗಿದ್ದರೆ ಇಲ್ಲಿಗೆ ಬರುವುದು ಕಡಿಮೆ. ಬಂದಾಗ, ಬಾಕಿ 100 ಡಾಲರ್ ದಾಟುವ ಮುಂಚೆಯೇ ಮಾತಾಡಿ. ಸ್ಟೇಟ್‌ಮೆಂಟ್‌ನಲ್ಲಿ ಪ್ರತಿ ಸೆಷನ್ ದಿನಾಂಕ, ಇನ್ಶೂರೆನ್ಸ್ ಕೊಟ್ಟದ್ದು, ಅವರ ಪಾಲು, ಯಾಕೆ ಅನ್ನುವ ಒಂದು ಸಾಲು ಇರಲಿ. ಫೋನ್ ಮಾಡುವುದು ಬಿಲ್ಲಿಂಗ್‌ನವರು, ಕೌನ್ಸೆಲರ್ ಅಲ್ಲ. ‘ಒಟ್ಟಿಗೆ ಕಟ್ಟಲು ಕಷ್ಟ ಆದರೆ ತಿಂಗಳಿಗೆ ಎಷ್ಟು ಆಗುತ್ತದೆ ಹೇಳಿ’ ಅಂತ ಕೇಳಿ, ಅವರು ಹೇಳಿದ ಮೊತ್ತವನ್ನು ಬರೆದುಕೊಳ್ಳಿ. ಕಲೆಕ್ಷನ್ ಏಜೆನ್ಸಿಗೆ ಕಳಿಸಿದರೆ ಒಬ್ಬರು ಥೆರಪಿಗೆ ಹೋಗುತ್ತಿದ್ದರು ಅನ್ನುವ ವಿಷಯವೇ ಮೂರನೆಯವರಿಗೆ ಗೊತ್ತಾಗುತ್ತದೆ. ನಾನು ನೋಡಿಕೊಳ್ಳುವ ಕ್ಲಿನಿಕ್ಕುಗಳಿಗೆ ಅದನ್ನು ಬೇಡ ಅಂತಲೇ ಹೇಳುತ್ತೇನೆ.

ಹಂತ 2ರಲ್ಲಿ ಹೇಳಿದ ಆ ಏಪ್ರಿಲ್‌ನ ಕ್ಲೈಂಟ್ ಇನ್ನೂ ಬರುತ್ತಿದ್ದಾರೆ. ಉಳಿದ ಸೆಷನ್‌ಗಳ ಡಿಡಕ್ಟಿಬಲ್ ಮೊತ್ತವನ್ನು ತಿಂಗಳಿಗೆ 20 ಡಾಲರ್‌ನಂತೆ ಕಟ್ಟಿದರು. ನಮ್ಮ ಸಾಫ್ಟ್‌ವೇರ್ ಅವರ ಸ್ಟೇಟ್‌ಮೆಂಟ್ ಮೇಲೆ ಪ್ರತಿ ತಿಂಗಳು ಕೆಂಪಕ್ಷರದಲ್ಲಿ ‘ಪಾಸ್ಟ್ ಡ್ಯೂ’ ಅಂತ ಹಾಕುತ್ತಿತ್ತು. ಕೌನ್ಸೆಲರ್ ಅದನ್ನು ನೋಡಿ ನನಗೆ ಮೆಸೇಜ್ ಹಾಕಿದರು, ಅವರು ಮಾತು ಕೊಟ್ಟ ಹಾಗೆ ಕಟ್ಟುತ್ತಿದ್ದಾರೆ, ಇದನ್ನು ತೆಗೆಯಲು ಆಗುತ್ತದಾ ಅಂತ. ಸೆಟಿಂಗ್ಸ್‌ನಲ್ಲಿ ಹುಡುಕಿದೆ. ಪೇಮೆಂಟ್ ಪ್ಲಾನ್ ಅಂತ ಒಂದು ಚಿಕ್ಕ ಟಿಕ್ ಬಾಕ್ಸ್ ಇತ್ತು. ಅದನ್ನು ಒತ್ತಿದರೆ ಕೆಂಪಕ್ಷರ ಹೋಗುತ್ತದೆ, ಮುಂದಿನ ಕಂತಿನ ದಿನಾಂಕ ಮಾತ್ರ ಉಳಿಯುತ್ತದೆ.